ಸಹಾಯ ಬೇಕು: ಕಾಡುಪ್ರಾಣಿಗಳ ಗುಂಪಿಗೆ ನಿಮ್ಮ ಕಡೆ ಏನನ್ನುತ್ತಾರೆ?

ಬಂಡೀಪುರ, ನಾಗರಹೊಳೆ ಸುತ್ತಲಿನ ಮಕ್ಕಳಿಗಾಗಿ ಕನ್ನಡದಲ್ಲಿ ಪ್ರಾಣಿ ಗುರುತಿನ ಕೈಪಿಡಿ ಸಿದ್ಧವಾಗುತ್ತಿದೆ. ತೊಡಕಿರುವುದು ಗುಂಪಿನ ಹೆಸರುಗಳಲ್ಲಿ. ಆನೆ, ಜಿಂಕೆ, ಕಾಟಿ (ಕಾಡುಕೋಣ) ಎಲ್ಲಕ್ಕೂ ‘ಹಿಂಡು’ ಎಂದರೆ ಓದಲು ಸರಿ, ಎಣಿಕೆಗೆ ಸಾಲದು. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ಹುಲ್ಲಿಗೆ ಹಲವು ಆನೆ ಕುಟುಂಬಗಳು ಒಟ್ಟಿಗೆ ಇಳಿಯುತ್ತವೆ. ಹಿರಿಯ ಹೆಣ್ಣಾನೆಯ ಹಿಂದೆ ನಡೆಯುವ ಒಂದು ಕುಟುಂಬವೂ ಹಿಂಡು, ಆ ದೊಡ್ಡ ಜಮಾವಣೆಯೂ ಹಿಂಡು ಎಂದು ಬರೆದುಕೊಂಡರೆ ಲೆಕ್ಕ ಕೆಡುತ್ತದೆ. ಒಂಟಿ ಗಂಡಿಗೆ ‘ಒಂಟಿ ಸಲಗ’ ಇದೆ. ಜೊತೆಯಾಗಿ ತಿರುಗುವ ಎರಡು ಮೂರು ಗಂಡಾನೆಗಳಿಗೆ?

ಮುಸುವಗಳಲ್ಲೂ (ಕಪ್ಪು ಮುಖದ, ಉದ್ದ ಬಾಲದ ಕೋತಿ) ಹೀಗೆಯೇ. ಒಂದು ಗಂಡು, ಹಲವು ಹೆಣ್ಣು, ಮರಿಗಳಿರುವ ಗುಂಪು ಬೇರೆ. ಬರೀ ಗಂಡುಗಳದ್ದು ಬೇರೆ. ಸೀಳುನಾಯಿಗೆ ‘ದಂಡು’ ಚೆನ್ನಾಗಿ ಒಪ್ಪುತ್ತದೆ, ಸೇರಿ ಮೇಲೆ ಬೀಳುವ ಅರ್ಥ ಅದರಲ್ಲೇ ಇದೆ. ‘ಮಂದೆ’ ಮಾತ್ರ ಬೇಡ, ಅದು ಕಾಯುವವರಿರುವ ಕುರಿ, ದನಗಳದ್ದು.

ಪದದ ಜೊತೆ ಪ್ರಾಣಿ, ತಾಲ್ಲೂಕು, ಬಳಸುವ ಸಮುದಾಯ (ಜೇನುಕುರುಬ, ಸೋಲಿಗ, ಯಾರೇ ಇರಲಿ) ಮತ್ತು ಒಂದು ಪೂರ್ಣ ವಾಕ್ಯ ಬರೆಯಿರಿ. ವಾಕ್ಯವಿಲ್ಲದಿದ್ದರೆ ಪದ ಕುಟುಂಬಕ್ಕೋ ಜಮಾವಣೆಗೋ ತಿಳಿಯದು. ಇಂಗ್ಲಿಷ್ ನೋಡಿ ಕಟ್ಟಿದ ಪದ ಬೇಡ, ಹಾಡಿಯ (ಕಾಡಿನ ಬುಡಕಟ್ಟು ಜನರ ವಸತಿ) ಹಿರಿಯರು ಆಡುವುದೇ ಬೇಕು. ಉಚ್ಚಾರಣೆ ಬರೆಯಲು ಕಷ್ಟವಾದರೆ ಧ್ವನಿಮುದ್ರಿಸಿ ಕಳಿಸಿ.