ಪದಚರ್ಚೆ: ಸ್ಟೆಂಟ್ ಅಳವಡಿಕೆಯ ತೊಡಕುಗಳಿಗೆ ಕನ್ನಡ ಪದಗಳು

ಮಾನ್ಯರೇ,

ಹೃದಯಕ್ಕೆ ರಕ್ತ ಒಯ್ಯುವ ಕರೊನರಿ ಅಪಧಮನಿಗೆ ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿಯ ಕೊಳವೆ) ಹಾಕುವಾಗ ಉಂಟಾಗುವ ತೊಡಕುಗಳನ್ನು ಕುರಿತು ಶುಶ್ರೂಷಕರಿಗಾಗಿ ಬರೆಯುತ್ತಿರುವ ಕೈಪಿಡಿಯ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಕೋರುತ್ತೇನೆ. ಕೆಲವರು ‘ತೊಡಕು’ ಎನ್ನಬೇಕಾದಲ್ಲಿ ‘ಅಡ್ಡಪರಿಣಾಮ’ ಎಂದು ಬರೆಯುತ್ತಾರೆ. ಅದು ಔಷಧಿಗೆ ಸಲ್ಲುವ ಮಾತು, ಇಲ್ಲಿಗೆ ಹೊಂದದು.

‘ಡಿಸೆಕ್ಷನ್’ ಎಂಬುದಕ್ಕೆ ರೂಢಿಯಲ್ಲಿರುವ ‘ಛೇದನ’ ಉದ್ದೇಶಪೂರ್ವಕವಾಗಿ ಕತ್ತರಿಸುವುದನ್ನು ಸೂಚಿಸುತ್ತದೆ. ಇಲ್ಲಿ ಆಗುವುದೇ ಬೇರೆ: ನಾಳವನ್ನು ಹಿಗ್ಗಿಸುವ ಬಲೂನು ಉಬ್ಬಿದಾಗಲೋ ಒಳಗೆ ತೂರಿಸಿದ ಸಪೂರ ಕೊಳವೆಯಾದ ಕ್ಯಾತಿಟರಿನ ತುದಿ ಒತ್ತಿದಾಗಲೋ ನಾಳದ ಒಳಪದರ ಸೀಳಿ, ಆ ಸೀಳಿನಲ್ಲಿ ನುಗ್ಗಿದ ರಕ್ತವು ಪದರಗಳನ್ನು ಬೇರ್ಪಡಿಸಿ ಹರಿವಿನ ದಾರಿಯನ್ನೇ ಮುಚ್ಚಿಬಿಡಬಹುದು. ಆಗ ಬಲೂನು, ಸ್ಟೆಂಟುಗಳನ್ನು ಸಾಗಿಸಲು ನಾಳದೊಳಗೆ ಇಟ್ಟಿರುವ ತಂತಿಯನ್ನು ಹೊರಗೆಳೆಯದೆ, ಅದರ ಮೇಲೆಯೇ ಇನ್ನೊಂದು ಸ್ಟೆಂಟ್ ಸಾಗಿಸಿ ಸೀಳನ್ನು ಒತ್ತಿಹಿಡಿಯುತ್ತಾರೆ. ಆದ್ದರಿಂದ ನನಗೆ ‘ಪದರಸೀಳು’ ಒಪ್ಪಿತವಾಗಿದೆ.

ಹೆಚ್ಚು ಕಾಡುತ್ತಿರುವುದು ‘ಪರ್ಫೊರೇಷನ್’, ಅಂದರೆ ನಾಳದ ಗೋಡೆ ತೂತಾಗುವುದು. ‘ಸೋರಿಕೆ’ ಎನ್ನೋಣವೆಂದರೆ, 1994ರಲ್ಲಿ ಎಲ್ಲಿಸ್ ಮತ್ತು ಸಂಗಡಿಗರು ಮಾಡಿದ ಇಂಥ ತೂತುಗಳ ವರ್ಗೀಕರಣದ ಮೊದಲ ಬಗೆಯಲ್ಲಿ ನಾಳದ ಗೋಡೆಯಾಚೆ ಕುಳಿಯೊಂದು ಕಾಣುತ್ತದೆಯೇ ಹೊರತು ರಕ್ತ ಹೊರಸೂಸುವುದಿಲ್ಲ. 1 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ತೂತಿನಿಂದ ರಕ್ತ ನುಗ್ಗುವುದು ಮೂರನೆಯ ಬಗೆಯಲ್ಲಿ. ಹಾಗೆ ನುಗ್ಗಿದ ರಕ್ತ ಹೃದಯದ ಹೊರಚೀಲದಲ್ಲಿ ತುಂಬಿ ಹೃದಯವನ್ನು ಅದುಮಿದರೆ ಸೂಜಿ ಹಾಕಿ ಅದನ್ನು ಹೊರತೆಗೆಯಬೇಕಾಗುತ್ತದೆ. ತೂತಿನ ಜಾಗದಲ್ಲಿ ಬಲೂನನ್ನು ಉಬ್ಬಿಸಿ ಹಿಡಿಯುವುದು ಮೊದಲ ಹೆಜ್ಜೆ. ಅಷ್ಟಕ್ಕೂ ನಿಲ್ಲದಿದ್ದರೆ ಹೊದಿಕೆಯುಳ್ಳ ಸ್ಟೆಂಟ್ ಬಳಸುತ್ತಾರೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಹೆಪಾರಿನ್‌ನ ಪ್ರಭಾವವನ್ನು ಅದರ ಪ್ರತಿಮದ್ದಾದ ಪ್ರೋಟಮೈನ್‌ನಿಂದ ಅಳಿಸುವುದೂ ಉಂಟು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದಾಗಲಾದರೋ ಇದಕ್ಕೆ ತದ್ವಿರುದ್ಧವಾಗಿ ಹೆಪ್ಪುತಡೆ ಔಷಧಿಯನ್ನು ಬಲಪಡಿಸಬೇಕಾಗುತ್ತದೆ. ಚಿಕಿತ್ಸೆಯ ದಿಕ್ಕೇ ಬದಲಾಗುವುದರಿಂದ ಈ ಎರಡನ್ನೂ ‘ನಾಳದ ತೊಂದರೆ’ ಎಂಬ ಒಂದೇ ಹೆಸರಿನಡಿ ತುರುಕುವುದು ಅಪಾಯಕರವೆಂದು ನನ್ನ ಎಣಿಕೆ. ಸದ್ಯಕ್ಕೆ ‘ನಾಳತೂತು’ ಎಂದು ಬರೆದಿದ್ದೇನೆ. ಕಿವಿಗೆ ಅಷ್ಟೇನೂ ಇಂಪಾಗಿಲ್ಲ.

ಮತ್ತೆ ‘ಬ್ಲಾಕ್’ ಆಯಿತೆಂದು ಜನ ಹೇಳುವ ಮಾತಿನಲ್ಲಿಯೂ ಎರಡು ಸಂಗತಿಗಳು ಬೆರೆತಿವೆ: ಹಠಾತ್ತನೆ ಆಗುವ ಹೆಪ್ಪು ಹಾಗೂ ತಿಂಗಳುಗಟ್ಟಲೆ ಅಂಗಾಂಶ ಬೆಳೆದು ಆಗುವ ‘ಮರುಕಿರಿದಾಗುವಿಕೆ’. ಈ ಎರಡನೆಯದಕ್ಕೆ ಚಿಕ್ಕದೊಂದು ಪದವಿದ್ದರೆ ತಿಳಿಸಿ. ನಾಳ ತೆರೆದಿದ್ದರೂ ಅದರಾಚೆಯ ಸೂಕ್ಷ್ಮನಾಳಗಳಲ್ಲಿ ರಕ್ತ ಹರಿಯದ ‘ನೋ ರಿಫ್ಲೋ’ ಸ್ಥಿತಿಗೆ ‘ಹರಿವುಸ್ತಂಭನ’ ಸಲ್ಲುವುದೇ, ಅಥವಾ ಆ ಪದವು ದೊಡ್ಡ ನಾಳವೇ ಮುಚ್ಚಿದೆಯೆಂಬ ತಪ್ಪು ಅರ್ಥ ಕೊಡುವುದೇ ಎಂಬುದನ್ನೂ ದಯವಿಟ್ಟು ತಿಳಿಸಬೇಕು.