'ಕನಿಷ್ಠ ಪುತ್ರ'ನ ಜಗಳ

ಶೈಲತ್ತೆ: (ಫಾರ್ವರ್ಡ್) ವಿರುದ್ಧ ಪದ ತಿಳಿಯಿರಿ! ಕನಿಷ್ಠ × ಗರಿಷ್ಠ. ಕನಿಷ್ಠ ಅಂದರೆ ಕೀಳು. ಲಗ್ನಪತ್ರಿಕೆಯಲ್ಲಿ 'ಕನಿಷ್ಠ ಪುತ್ರ' ಅಂತ ಹಾಕಿಸಿ ಮಗನಿಗೆ ಅವಮಾನ ಮಾಡಬೇಡಿ. ಎಲ್ಲ ಗುಂಪುಗಳಿಗೂ ಕಳಿಸಿ.

ಶೈಲತ್ತೆ: ನಾನು ಆವತ್ತೇ ಹೇಳಿದ್ದೆ. ಯಾರು ಕೇಳಿದ್ರಿ?

ರಘು: ಅತ್ತೆ, ಇದು ನನ್ನ ಮದುವೆ ಪತ್ರಿಕೆ ವಿಷಯ ತಾನೇ?

ಪ್ರತಿಮಾ: ಯಾರು ಬರೆದದ್ದು ಇದು? ಯಾವ ನಿಘಂಟಿನಲ್ಲಿದೆ? ಕನಿಷ್ಠಕ್ಕೆ ಎರಡು ವಿರುದ್ಧ ಪದ ಇವೆ. ಅಳತೆ, ಸಂಬಳ, ಅಂಕದ ಮಾತಾದರೆ ಗರಿಷ್ಠ. ವಯಸ್ಸಿನ ಮಾತಾದರೆ ಜ್ಯೇಷ್ಠ. ಅಮರಕೋಶದಲ್ಲಿ ತಮ್ಮನಿಗೆ ಕೊಟ್ಟ ಪದಗಳಲ್ಲಿ ಅನುಜದ ಜೊತೆ ಕನಿಷ್ಠವೂ ಇದೆ. ಕಿರುಬೆರಳಿಗೆ ಕನಿಷ್ಠಿಕೆ ಅಂತಾರೆ. ಅದೇನು ಕೀಳು ಬೆರಳಾ?

ಶೈಲತ್ತೆ: ನೀನು ಓದಿದವಳು, ಗೊತ್ತಮ್ಮಾ. ಬೀಗರು ಮುಖ ಸಿಂಡರಿಸಿದಾಗ ನೀನೆಲ್ಲಿದ್ದೆ?

ರಘು: ಅವರು ಮುಖ ಸಿಂಡರಿಸಿದ್ದು ಊಟ ತಡವಾಗಿದ್ದಕ್ಕೆ ಅತ್ತೆ.

ದೊಡ್ಡಪ್ಪ: ಪತ್ರಿಕೆಯ ಒಕ್ಕಣೆ ಬರೆದವನು ನಾನು. ಗಣೇಶನಿಗೆ ಜ್ಯೇಷ್ಠ ಪುತ್ರ ಅಂತ ಹಾಕಿದ ಮೇಲೆ ರಘುಗೆ ಕನಿಷ್ಠ ಅಂತಲೇ ಬರಬೇಕು. ಗುರುವಿನ ವಿರುದ್ಧ ಪದ ಕೇಳಿದರೆ ಎಲ್ಲರೂ ಶಿಷ್ಯ ಅಂತೀರಿ. ಛಂದಸ್ಸಿನಲ್ಲಿ ಅದು ಲಘು. ಪದ ಎಲ್ಲಿ ಕೂತಿದೆ ಅಂತ ನೋಡಬೇಕು. ಹಿರಿಯರ ಮುಂದೆ ಹೇಗೆ ಮಾತಾಡಬೇಕು ಅನ್ನುವುದನ್ನೂ ಕಲಿಯಬೇಕು.

ಮಹೇಶ: ದೊಡ್ಡಪ್ಪ ನಮಗೆ ಪ್ರಸ್ತಾರ ಹಾಕಿಸುತ್ತಿದ್ದದ್ದು ನೆನಪಾಯ್ತು! ಹಜಾರದ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ, ಗುರುವಿಗೆ ಅಡ್ಡಗೆರೆ, ಲಘುವಿಗೆ ಬಟ್ಟಲು. ಅಜ್ಜಿ ಬೈಕೊಂಡು ಒರೆಸುತ್ತಿದ್ದರು. ಆ ಮನೆ ಫೋಟೋ ಯಾರ ಹತ್ತಿರ ಇದೆ?

ಪ್ರತಿಮಾ: ಮಹೇಶಣ್ಣ, ಒಂದ್ನಿಮಿಷ. 1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. ದಿನಾ ಪೇಪರಲ್ಲಿ ಕನಿಷ್ಠ ಉಷ್ಣಾಂಶ ಬರುತ್ತೆ. ಇದನ್ನೇ ಕೇಳಿ ಕೇಳಿ ನಮಗೆಲ್ಲ ಆ ಪದ ಅಂದರೆ 'ತೀರಾ ಕಡಿಮೆ' ಅಂತಲೇ ಆಗಿದೆ. ಅತ್ತೆಗೆ ಬೇಜಾರಾಗಿದ್ದು ಅದಕ್ಕೇ. 'ಕಿರಿಯ ಪುತ್ರ' ಅಂತ ಹಾಕಿಸಿದ್ದರೆ ರಗಳೆಯೇ ಇರುತ್ತಿರಲಿಲ್ಲ. ಹಿರಿಯ, ಕಿರಿಯ ಎಲ್ಲರಿಗೂ ಅರ್ಥವಾಗುತ್ತೆ ಅಲ್ವಾ?

ದೊಡ್ಡಪ್ಪ: ಅಂದರೆ ನನ್ನದೇ ತಪ್ಪು ಅಂತೀಯಾ?

ಶೈಲತ್ತೆ: ಅವಳು ಸರಿಯಾಗೇ ಹೇಳಿದಳು ಬಿಡಿ ಅಣ್ಣ. ಅದೇ ಪತ್ರಿಕೆಯಲ್ಲಿ ನಮ್ಮ ಯಜಮಾನರ ಹೆಸರನ್ನೂ ತೀರಾ ಕೊನೆಗೆ ಹಾಕಿದ್ದಿರಿ.

ದೊಡ್ಡಪ್ಪ: ಹೆಸರಿನ ಪಟ್ಟಿ ನಾನು ಬರೆದದ್ದಲ್ಲ. ನಿನ್ನ ತಮ್ಮನನ್ನೇ ಕೇಳು.