ಜಾಲವಿಳಾಸದ ಎನ್‌ಕೋಡ್, ಡಿಕೋಡ್: ತಕ್ಕ ಪದಗಳು ಯಾವುವು?

ಮಾನ್ಯರೇ,

ಕೊಡಗಿನ ಕಾಫಿ ಬೆಳೆಗಾರರ ಸಹಕಾರ ಸಂಘವೊಂದರ ಜಾಲತಾಣವನ್ನು ನೋಡಿಕೊಳ್ಳುವ ಸಿಬ್ಬಂದಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಜಾಲವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಮೌಲ್ಯಗಳನ್ನು ಎನ್‌ಕೋಡ್ ಮಾಡುವುದಕ್ಕೂ (ವಿಳಾಸಕ್ಕೆ ಹೊಂದುವ ಚಿಹ್ನೆಗಳಲ್ಲಿ ಬರೆಯುವುದಕ್ಕೂ) ಡಿಕೋಡ್ ಮಾಡುವುದಕ್ಕೂ (ಮತ್ತೆ ಮೂಲ ರೂಪಕ್ಕೆ ತರುವುದಕ್ಕೂ) ಹೊಂದುವ ಪದಗಳು ಬೇಕಾಗಿವೆ.

ಬೆಳೆಯ ಹೆಸರಾಗಿ ‘ಕಾಫಿ & ಕರಿಮೆಣಸು’ ಎಂಬುದನ್ನು ಹಾಗೆಯೇ ವಿಳಾಸಕ್ಕೆ ಸೇರಿಸಿದರೆ, & ಎಂಬುದು ಒಂದು ನಿಯತಾಂಕ (ಪ್ಯಾರಾಮೀಟರ್, ಅಂದರೆ ಹೆಸರು ಮತ್ತು ಮೌಲ್ಯದ ಜೋಡಿ) ಮುಗಿದು ಇನ್ನೊಂದು ಆರಂಭವಾಯಿತೆಂಬ ಗುರುತಾದ್ದರಿಂದ, ಸರ್ವರ್ ಕಾಫಿಯನ್ನಷ್ಟೇ ಬೆಳೆಯೆಂದು ತಿಳಿದು ಕರಿಮೆಣಸನ್ನು ಬೇರೊಂದು ನಿಯತಾಂಕವೆಂದು ಎಣಿಸುತ್ತದೆ. ಆದುದರಿಂದ ಮೌಲ್ಯದೊಳಗಿನ & ಅನ್ನು %26 ಎಂದೂ ತೆರಪನ್ನು %20 ಎಂದೂ ಬರೆಯಬೇಕು; ಫಾರಂ ಮೂಲಕ ಕಳುಹಿಸಿದಾಗ ತೆರಪಿಗೆ + ಬರುವುದೂ ಉಂಟು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ವ್ಯಂಜನಕ್ಕೂ ಸ್ವರಚಿಹ್ನೆಗೂ 3 ಬೈಟ್‌ಗಳು ಬೇಕಾಗುವುದರಿಂದಲೂ, ಪ್ರತಿ ಬೈಟ್ % ಸೇರಿ 3 ಚಿಹ್ನೆಗಳಾಗುವುದರಿಂದಲೂ, ‘ಕೊಡಗು’ ಎಂಬ ಪುಟ್ಟ ಹೆಸರೂ ವಿಳಾಸದಲ್ಲಿ 45 ಚಿಹ್ನೆಗಳಷ್ಟು ಉದ್ದವಾಗುತ್ತದೆ.

ಈ ಎನ್‌ಕೋಡ್‌ಗೆ ‘ಗೂಢಲಿಪೀಕರಣ’ ಎನ್ನುವುದನ್ನು ನಾನು ಒಪ್ಪಲಾರೆ. ಇಲ್ಲಿ ಯಾವ ಗುಟ್ಟೂ ಇಲ್ಲ, ಯಾರು ಬೇಕಾದರೂ ಓದಬಹುದು. ಆ ಪದವನ್ನು ನಂಬಿದವರು ಪಾಸ್‌ವರ್ಡನ್ನೂ ವಿಳಾಸದಲ್ಲಿ ಬರೆದಾರು. ‘ಸಂಕೇತಿಸು’ ಎಂಬುದು ನನಗೆ ಸಮಾಧಾನ ತಂದಿದೆ. ‘ನಿಯತಾಂಕ’ದಲ್ಲಿ ಬದಲಾಗದ್ದೆಂಬ ಧ್ವನಿಯಿದ್ದರೂ ಬಳಕೆಯಲ್ಲಿರುವುದರಿಂದ ಉಳಿಸಿಕೊಂಡಿದ್ದೇನೆ.

ನಿಜವಾದ ತೊಡಕು ಡಿಕೋಡ್ ಎಂಬುದರಲ್ಲಿದೆ. ‘ಮರುಸಂಕೇತಿಸು’ ಎಂಬ ಸಲಹೆ ಬಂದಿದೆ. ಆದರೆ ‘ಮರುಪಾವತಿ’ಯಲ್ಲಿ ಹಿಂದಕ್ಕೆ ಎಂಬ ಅರ್ಥ ಕೊಡುವ ‘ಮರು’ವೇ ‘ಮರುಮುದ್ರಣ’ದಲ್ಲಿ ಇನ್ನೊಮ್ಮೆ ಎಂಬ ಅರ್ಥ ಕೊಡುತ್ತದೆ. ಇನ್ನೊಮ್ಮೆ ಸಂಕೇತಿಸುವುದೇ ಇಲ್ಲಿ ದೊಡ್ಡ ತಪ್ಪು: % ಚಿಹ್ನೆಯೇ %25 ಆಗುವುದರಿಂದ %20 ಎಂಬುದು %2520 ಆಗಿ, ತೆರಪಿರಬೇಕಾದಲ್ಲಿ ಓದುಗನಿಗೆ %20 ಎಂಬ ಬರಹವೇ ಕಾಣುತ್ತದೆ. ಒಂದೇ ಪಠ್ಯವನ್ನು ಒಂದಕ್ಕಿಂತ ಹೆಚ್ಚು ಸಲ ಸಂಕೇತಿಸಬಾರದು, ಬಿಡಿಸಲೂಬಾರದು ಎಂದು ಜಾಲವಿಳಾಸಗಳ ರಚನೆಯ ಮಾನದಂಡವಾದ 2005ರ ಆರ್‌ಎಫ್‌ಸಿ 3986 ಸ್ಪಷ್ಟವಾಗಿ ಹೇಳುತ್ತದೆ. ಹೀಗಿರುವಾಗ ಆ ತಪ್ಪನ್ನೇ ಮಾಡಿರೆಂದು ಕೇಳಿಸುವ ಪದವನ್ನು ಕೈಪಿಡಿಯಲ್ಲಿ ಇಡುವುದು ಹೇಗೆ?

‘ವಿಸಂಕೇತಿಸು’ ಎಂಬುದು ನಿಖರವಾಗಿದೆ. ಆದರೆ ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆಯನ್ನಾಡುವ ನಮ್ಮ ಸಿಬ್ಬಂದಿಗೆ ‘ಬಿಡಿಸು’ ಎಂಬುದು ಸುಲಭ. ಅದರಲ್ಲಿ ಒಗಟಿನ ನೆನಪು ಬಂದು ಗುಟ್ಟಿನ ಅರ್ಥ ಮತ್ತೆ ನುಸುಳೀತೆಂಬ ಅಳುಕಿದೆ. ‘ಮೂಲಕ್ಕೆ ತರು’ ಎಂಬ ಎರಡು ಪದಗಳ ಬಳಕೆಯು ತಾಂತ್ರಿಕ ಬರಹದಲ್ಲಿ ನಿಂತೀತೇ? ಅದರಿಂದ ನಾಮಪದವನ್ನು ಸಾಧಿಸುವ ಬಗೆ ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.